ಬಾಗಿಲ ಕೆಳಹಲಗೆಯ ಸದ್ದು

ಇಲೋಯಿಲೋ ಪಟ್ಟಣದ ನಮ್ಮ ರೇಡಿಯೋ ಸ್ಟೇಷನ್ನಿನಲ್ಲಿ ನಾನು ಹತ್ತೊಂಬತ್ತು ವರ್ಷ ನಾಟಕಗಳಿಗೆ ಸದ್ದು ಮಾಡುವ ಕೆಲಸದಲ್ಲಿದ್ದೆ. ಮಳೆ ಬೇಕಾದರೆ ಮೊರದಲ್ಲಿ ಅಕ್ಕಿ ಆಡಿಸುವವನು ನಾನು. ಗುಡುಗಿಗೆ ತಗಡು, ಕುದುರೆಗೆ ತೆಂಗಿನ ಚಿಪ್ಪು, ಮೂಳೆ ಮುರಿಯುವುದಕ್ಕೆ ಹಸಿ ಮೂಲಂಗಿ. ಕ್ರಿಸಾಂತೋ ಎಂಬ ನನ್ನ ಹೆಸರನ್ನು ಎಲ್ಲರೂ ಸಾಂತೋ ಎಂದು ಮೊಟಕು ಮಾಡಿದ್ದರು. ಮೈಕಿನ ಮುಂದೆ ನಿಲ್ಲುವವರ ದನಿ ಊರಿಗೆಲ್ಲ ಗೊತ್ತಿತ್ತು. ಮಳೆ ಯಾರು ಸುರಿಸಿದರೆಂದು ಯಾರೂ ಕೇಳುತ್ತಿರಲಿಲ್ಲ. ನನಗೂ ಅದೇ ಹಿತವಾಗಿತ್ತು.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮದೊಂದು ಭಯದ ನಾಟಕ ಬರುತ್ತಿತ್ತು. ಹೆಂಗಸರು ಊಟದ ತಟ್ಟೆಗಳನ್ನು ನೀರಿನಲ್ಲಿ ನೆನೆಹಾಕಿ ರೇಡಿಯೋ ಪಕ್ಕ ಬಂದು ಕೂರುವ ಹೊತ್ತು ಅದು. ಹೊರಗೆ ಸುಡುವ ಬಿಸಿಲು, ಹುಂಜಗಳ ಕೂಗು, ಜೀಪ್ನಿ ಬಸ್ಸುಗಳ ಹಾರ್ನ್. ಅಂಥ ಬೆಳಕಿನಲ್ಲಿ ಜನರನ್ನು ಹೆದರಿಸುವುದು ಸುಲಭವಲ್ಲ. ಬರೆಯುತ್ತಿದ್ದವನು ಮನಿಲಾಕ್ಕೆ ಹೋದ ಮೇಲೆ ಅವನ ಜಾಗಕ್ಕೆ ಬಂದವಳು ತೆಯೋದೋರಾ ಪಾಲ್ಮಾರೆಸ್. ನಮಗೆಲ್ಲ ದೋರಾ.

ಅವಳಿಗೆ ಆಗ ಮೂವತ್ತೇಳು ವರ್ಷ. ನನಗಿಂತ ದೊಡ್ಡವಳಾದ್ದರಿಂದ ನಾನು ಅವಳನ್ನು ‘ನಾಂಗ್’ ಎನ್ನುತ್ತಿದ್ದೆ. ನಮ್ಮಲ್ಲಿ ಅಕ್ಕನನ್ನು ಕರೆಯುವುದೇ ಹಾಗೆ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಿಂದಾ ಎಂಬ ಒಬ್ಬಳೇ ಮಗಳು, ಸನ್ಯಾಸಿನಿಯರ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ದೋರಾ ಬೆಳಿಗ್ಗೆ ಕೊಬ್ಬರಿ ವ್ಯಾಪಾರಿಯೊಬ್ಬನ ಆಫೀಸಿನಲ್ಲಿ ಟೈಪಿಂಗ್ ಮಾಡಿ, ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಿದ್ದಳು. ಮಾತು ಕಡಿಮೆ. ಯಾವ ಕೋಣೆಗೆ ಬಂದರೂ ಬಾಗಿಲಿಗೆ ಮುಖಮಾಡಿಯೇ ಕೂರುತ್ತಿದ್ದಳು.

ಅವಳ ಮೊದಲ ನಾಟಕಗಳು ಚೆನ್ನಾಗಿರಲಿಲ್ಲ. ಮಾವಿನ ಮರದ ಮೇಲಿನ ಬಿಳಿ ಬಟ್ಟೆಯ ಹೆಂಗಸು, ಸೂರಿನ ಸಂದಿಯಿಂದ ನಾಲಿಗೆ ಇಳಿಬಿಡುವ ಅಸ್ವಾಂಗ್ ಎಂಬ ಪಿಶಾಚಿ, ಇಗರ್ಜಿಯ ಹಿಂದಿನ ತಲೆಯಿಲ್ಲದ ಪಾದ್ರಿ. ಎಲ್ಲ ನಮ್ಮ ಅಜ್ಜಿಯರು ಹೇಳಿ ಹೇಳಿ ಸವೆಸಿದ್ದವೇ. ಮೂರನೆಯ ವಾರ ನಮ್ಮ ಡೈರೆಕ್ಟರ್ ಸೆವೆರೋ ಹಸ್ತಪ್ರತಿಯನ್ನು ಮೇಜಿನ ಮೇಲೆ ಹಾಕಿದ.

“ದೋರಾ, ಇದನ್ನ ನಿನ್ನೆ ನಮ್ಮನೆ ಕೋಳಿಗೆ ಓದಿ ಹೇಳ್ದೆ. ಅದು ಹೆದರಿ ಮೊಟ್ಟೆ ಇಡೋದನ್ನ ನಿಲ್ಲಿಸತ್ತೆ ಅಂದ್ಕೊಂಡೆ. ಇವತ್ತು ಎರಡು ಇಟ್ಟಿದೆ.”

“ದಿನಾ ಬೆಳಗಾದ್ರೆ ನಿಮ್ಮ ಮುಖ ನೋಡೋ ಕೋಳಿಗೆ ಇನ್ಯಾವ ದೆವ್ವದ ಭಯ ಇರತ್ತೆ, ಡೈರೆಕ್ಟರೇ?” ಎಂದಳು ಪಾಸಿಂಗ್.

ಪಾಸಿಂಗ್ ನಮ್ಮ ಹಿರಿಯ ನಟಿ. ಅರವತ್ತೆರಡು ವರ್ಷ. ಮುದುಕಿಯ ಪಾತ್ರವೂ ಅವಳದೇ, ಆರು ವರ್ಷದ ಮಗುವಿನ ಪಾತ್ರವೂ ಅವಳದೇ. ಕಣ್ಣು ಮುಚ್ಚಿ ಕೇಳಿದರೆ ಮಗುವೇ ಬಂದು ನಿಂತಂತಿರುತ್ತಿತ್ತು. ಎಲ್ಲರೂ ನಕ್ಕರು. ಸೆವೆರೋ ನಗಲಿಲ್ಲ.

“ನಿನಗೆ ಏನು ಕಂಡ್ರೆ ಭಯ? ಅಸ್ವಾಂಗ್ ಅನ್ಬೇಡ. ಅಸ್ವಾಂಗ್ ಕಂಡ್ರೆ ನಿನಗೆ ಭಯ ಇಲ್ಲ ಅಂತ ಓದಿದ್ರೇ ಗೊತ್ತಾಗತ್ತೆ. ನಿಜ ಹೇಳು.”

ದೋರಾ ತನ್ನ ಬೆರಳು ನೋಡಿಕೊಂಡಳು. “ಯಾರಾದ್ರೂ ಬಾಗಿಲು ತಟ್ಟಿದ್ರೆ ಭಯ” ಎಂದಳು.

“ನಮ್ಮತ್ತೆ ಬಂದು ತಟ್ಟಿದಾಗ ನನಗೂ ಹಂಗೇ ಆಗ್ತಿತ್ತು” ಎಂದು ಪಾಸಿಂಗ್ ಮತ್ತೆ ನಗಿಸಿದಳು. ಆದರೆ ಸೆವೆರೋ ದೋರಾಳ ಮುಖವನ್ನೇ ನೋಡುತ್ತಿದ್ದ. “ಅದನ್ನ ಬರಿ” ಎಂದ.

ಮುಂದಿನ ವಾರ ಅವಳು ತಂದ ನಾಟಕದಲ್ಲಿ ಇದ್ದದ್ದು ಒಬ್ಬಳೇ ಹೆಂಗಸು, ಒಂದು ಬಿರುಗಾಳಿ, ಒಂದು ಮುಚ್ಚಿದ ಬಾಗಿಲು. ಹೊರಗಿನಿಂದ ಯಾರೋ ತಟ್ಟುತ್ತಾರೆ. ಒಂದು ಸಲ ಅವಳ ಹೆಸರು ಕರೆಯುತ್ತಾರೆ. ಅವಳು ತೆಗೆಯುವುದಿಲ್ಲ. ಹೊರಗಿದ್ದದ್ದು ಏನೆಂದು ಕೊನೆಯವರೆಗೂ ತಿಳಿಯುವುದಿಲ್ಲ. ಅಷ್ಟೇ.

ರಿಹರ್ಸಲ್ಲಿನಲ್ಲಿ ನಾನು ಹಳೆಯ ಬಾಗಿಲ ಹಲಗೆಯನ್ನು ನಿಲ್ಲಿಸಿ ಗೆಣ್ಣಿನಿಂದ ಮೂರು ಸಲ ಬಡಿದೆ. ಹದಿನೈದು ನಾಟಕಕ್ಕೆ ನಡೆದುಬಂದ ಸದ್ದು ಅದು.

“ಹಾಗಲ್ಲ, ಸಾಂತೋ” ಎಂದಳು ದೋರಾ.

ಜೋರಾಗಿ ಬಡಿದೆ. ತಲೆ ಅಲ್ಲಾಡಿಸಿದಳು. ಮುಷ್ಟಿ ಕಟ್ಟಿ ಗುದ್ದಿದೆ. ಅದೂ ಆಗಲಿಲ್ಲ. ಕೊನೆಗೆ ಅವಳೇ ಎದ್ದು ಬಂದಳು. ನನ್ನ ಮೂಲೆಯಲ್ಲಿ ನೆಲದ ಮೇಲೆ ಕೂತಳು. ಕೂತವಳು ಒಂದು ಪಕ್ಕಕ್ಕೆ ಒರಗಿ, ಅರ್ಧ ಮಲಗಿದ ಹಾಗಾಗಿ, ಹಲಗೆಯ ಕೆಳತುದಿಯನ್ನು ಬಿಚ್ಚಿದ ಅಂಗೈಯಿಂದ ತಟ್ಟಿದಳು. ಒದ್ದೆ ಬಟ್ಟೆ ಬಿದ್ದಂಥ ಸದ್ದು. ಒಂದು. ನಿಧಾನಕ್ಕೆ ಇನ್ನೊಂದು. ಮೂರನೆಯದು ತಟ್ಟಿದ್ದಲ್ಲ, ಅಂಗೈ ಹಲಗೆಯ ಮೇಲೆ ಜಾರಿದ್ದು.

“ಹೀಗೆ” ಎಂದು ಎದ್ದು ಲಂಗ ಕೊಡವಿಕೊಂಡಳು.

ಬರೆಯುವವರು ಕಲ್ಪಿಸಿಕೊಳ್ಳುತ್ತಾರೆ, ನಿಜ. ಆದರೆ ನನ್ನದು ಸದ್ದಿನ ಕಸುಬು. ಕಲ್ಪಿಸಿದ ಸದ್ದಿಗೂ ಕೇಳಿದ ಸದ್ದಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಅವಳು ಅದನ್ನು ಕೇಳಿದ್ದಳು.

ಅವತ್ತು ಸಂಜೆ ಮಾರ್ಕೆಟ್ಟಿನ ಬಳಿಯ ನೂಡಲ್ಸ್ ಅಂಗಡಿಯಲ್ಲಿ ಬಿಸಿ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಕೂತಾಗ ಕೇಳಿದೆ. “ನಾಂಗ್, ಅದು ಯಾರ ಕೈ?”

ಅವಳು ಚಮಚೆ ಕೆಳಗಿಟ್ಟಳು. “ಎಲಿಸೆಯೋದು” ಎಂದಳು. ಎಲಿಸೆಯೋ ಅವಳ ಗಂಡ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಅವರ ಮನೆ ಊರಾಚೆಯ ಮೀನುಗಾರರ ಕೇರಿಯಲ್ಲಿ, ಸಮುದ್ರದ ದಂಡೆಯಲ್ಲೇ ಇತ್ತು. ಎಲಿಸೆಯೋ ಗಿಮಾರಾಸ್ ದ್ವೀಪಕ್ಕೆ ಜನರನ್ನು ದಾಟಿಸುವ ದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದ. ಬಿರುಗಾಳಿ ಬರುತ್ತದೆಂದು ಸುದ್ದಿ ಇತ್ತು, ಆದರೆ ಮರುದಿನಕ್ಕೆ ಅಂದಿದ್ದರು. ಅದು ಅವತ್ತೇ ಮಧ್ಯಾಹ್ನ ಬಂತು. ನಾಲ್ಕು ಗಂಟೆಗೆಲ್ಲ ಹೊರಗೆ ಕಪ್ಪು. ತೆಂಗಿನ ಮರಗಳು ನೆಲ ಮುಟ್ಟುವಷ್ಟು ಬಾಗುತ್ತಿದ್ದವು. ಅಂಥ ಹೊತ್ತಿನಲ್ಲಿ ಬಾಗಿಲ ಕೆಳಹಲಗೆಯ ಮೇಲೆ ಆ ಸದ್ದು ಕೇಳಿತು. ಆಮೇಲೆ ಒಂದು ಸಲ, ಒಂದೇ ಸಲ, “ದೋರಾ.”

“ನಮ್ಮಮ್ಮ ಹೇಳೋರು. ಬಿರುಗಾಳೀಲಿ ಒಂದೇ ಸಲ ಕರೆದ್ರೆ ಅದು ಮನುಷ್ಯರಲ್ಲ, ಮನುಷ್ಯರಾಗಿದ್ರೆ ಇನ್ನೊಂದ್ಸಲ ಕರೀತಾರೆ, ಕಾದು ನೋಡ್ಬೇಕು ಅಂತ. ನಾನು ಕಾದೆ, ಸಾಂತೋ. ಇನ್ನೊಂದ್ಸಲ ಕರೀಲಿ ಅಂತ ಕಾದೆ.”

ಬೆಳಿಗ್ಗೆ ಗಾಳಿ ನಿಂತ ಮೇಲೆ ಎಲಿಸೆಯೋ ಸಿಕ್ಕಿದ. ಇನ್ನೂರು ಹೆಜ್ಜೆ ಆಚೆ, ಬಲೆ ಒಣಗಿಸುವ ಚಪ್ಪರದ ಕೆಳಗೆ ಮಗ್ಗುಲಾಗಿ ಮಲಗಿದ್ದ. ದೋಣಿ ಒಡೆದು, ಈಜಿ, ತೆವಳಿ ಬಂದಿದ್ದ. ಕಾಲು ಮುರಿದಿತ್ತು. ಸಮುದ್ರವೇ ತಂದು ಹಾಕಿದೆ ಎಂದರು ನೆರೆಯವರು.

“ಒಳ್ಳೇ ಜನ” ಎಂದಳು ದೋರಾ. “ನನಗೋಸ್ಕರ ಹಾಗಂದ್ರು. ಅವತ್ತು ನೀರು ಆ ಚಪ್ಪರದವರೆಗೆ ಬಂದೇ ಇರ್ಲಿಲ್ಲ. ಹೆಣ ತೊಳೆದೋಳು ನಾನು. ನಮ್ಮ ಬಾಗಿಲಿಂದ ಅಲ್ಲೀವರೆಗೆ ತೆವಳಿ ತೆವಳಿ ಅವರ ಅಂಗೈ ಹರಿದು ಹೋಗಿತ್ತು.”

“ನೀವೊಬ್ಬರೇ ಇದ್ರಾ ಮನೇಲಿ?” ಎಂದೆ.

“ಒಬ್ಬಳೇ” ಎಂದಳು ತಕ್ಷಣ. “ಮಗು ಅಜ್ಜಿ ಮನೇಲಿತ್ತು.”

ಸಾರು ಆರಿಹೋಗಿತ್ತು. ಇಬ್ಬರೂ ಹಾಗೇ ಬಿಟ್ಟು ಎದ್ದೆವು.

ಆ ಗುರುವಾರ ನಾನು ನೆಲದ ಮೇಲೆ ಒರಗಿ, ನೀರಿನಲ್ಲಿ ಅದ್ದಿದ ಅಂಗೈಯಿಂದ ಹಲಗೆಯ ಕೆಳತುದಿಯನ್ನು ತಟ್ಟಿದೆ. ನಮ್ಮಲ್ಲಿ ನಾಟಕಗಳನ್ನು ರೆಕಾರ್ಡ್ ಮಾಡುತ್ತಿರಲಿಲ್ಲ, ಆಡಿದ್ದು ಆಡಿದ ಹಾಗೇ ಹೋಗುತ್ತಿತ್ತು. ನಾಟಕ ಮುಗಿದಾಗ ಗಾಜಿನ ಆಚೆ ಸೆವೆರೋ ಸಿಗರೇಟು ಹಚ್ಚುವುದನ್ನೇ ಮರೆತು ನಿಂತಿದ್ದ.

ಕಾಗದಗಳು ಬರತೊಡಗಿದವು. ಮೊದಲು ಹತ್ತು, ಆಮೇಲೆ ಚೀಲಗಟ್ಟಲೆ. ಒಬ್ಬ ಟೀಚರ್ ಬರೆದಿದ್ದಳು, ಮಕ್ಕಳು ಬಾಗಿಲಿಗೆ ಕುರ್ಚಿ ಒತ್ತರಿಸಿ ಮಲಗುತ್ತಾರೆ ಎಂದು. ದ್ವೀಪದ ಕಡೆಯ ಒಬ್ಬ ಗಂಡಸು ಬರೆದಿದ್ದ: ‘ನಾನು ನನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ನಮ್ಮ ಹಂದಿಯ ಬಣ್ಣ ಎಲ್ಲ ಹೇಳಿದ ಮೇಲೂ ಹೆಂಡತಿ ಬಾಗಿಲು ತೆಗೆಯುತ್ತಿಲ್ಲ. ದಯವಿಟ್ಟು ಆ ಕತೆ ಮುಗಿಸಿ.’ ಅದನ್ನು ಪಾಸಿಂಗ್ ಎಲ್ಲರಿಗೂ ಓದಿ ಹೇಳಿದಳು. ದೋರಾ ಕೂಡ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೆವೆರೋ ಮುಗಿಸುವುದಿರಲಿ, ಆರು ಭಾಗ ಬೇಕೆಂದ. ಅವಳು ಬರೆದಳು. ಪ್ರತಿ ವಾರ ಬೇರೆ ಮನೆ, ಬೇರೆ ಹೆಂಗಸು, ಅದೇ ಸದ್ದು. ಒಂದರಲ್ಲಿ ಹೆಂಗಸು ಬಾಗಿಲಿಗೆ ಕಿವಿಯಿಟ್ಟು ಆಚೆಯ ಉಸಿರಾಟ ಕೇಳುತ್ತಾಳೆ. ಇನ್ನೊಂದರಲ್ಲಿ ಸಂದಿಯಿಂದ ಬೆರಳ ತುದಿ ಮಾತ್ರ ಕಾಣುತ್ತದೆ. ಒಬ್ಬಳಾದರೂ ಬಾಗಿಲು ತೆಗೆಯಲಿಲ್ಲ. ಬರೆಯುತ್ತಾ ಬರೆಯುತ್ತಾ ದೋರಾ ಸೊರಗಿದಳು, ಆದರೆ ನಿಲ್ಲಿಸಲಿಲ್ಲ.

“ಬರೆದ್ರೆ ಹಗುರ ಆಗತ್ತಾ, ನಾಂಗ್?”

“ಇಲ್ಲ. ಬೇರೆಯವರೂ ಹೆದರ್ತಿದಾರಲ್ಲ ಅನ್ನೋದೊಂದು ಸಮಾಧಾನ. ಅವರ ಮನೇಲೂ ಯಾರೂ ಬಾಗಿಲು ತೆಗೀತಿಲ್ಲ.”

ಮಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಸಾಬೂನಿನ ಜಾಹೀರಾತು ಬರೆಯುತ್ತೇನೆ ಎಂದು ಮಿಂದಾಳಿಗೆ ಹೇಳಿದ್ದಳಂತೆ. ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರಲಿಲ್ಲ. ಗುರುವಾರ ಒಂದು ಗಂಟೆಗೆ ಹುಡುಗಿ ಶಾಲೆಯಲ್ಲಿರುತ್ತಿದ್ದಳು.

ಐದನೆಯ ಭಾಗದ ರಿಹರ್ಸಲ್ ನಡೆಯುತ್ತಿದ್ದಾಗ, ಮಂಗಳವಾರ ಮಧ್ಯಾಹ್ನ, ಸ್ಟುಡಿಯೋ ಬಾಗಿಲು ತಳ್ಳಿಕೊಂಡು ಒಬ್ಬ ಹುಡುಗಿ ಒಳಗೆ ಬಂದಳು. ನೀಲಿ ಸ್ಕರ್ಟು, ಬಿಳಿ ರವಿಕೆ, ಬೆವರಿಗೆ ಹಣೆಗಂಟಿದ ಕೂದಲು. ದೂರದಿಂದ ನಡೆದೇ ಬಂದಂತಿತ್ತು. ನಾನು ಆಗತಾನೇ ಹಲಗೆ ತಟ್ಟಿದ್ದೆ. ಅವಳು ಮೊದಲು ನೋಡಿದ್ದು ನನ್ನ ಕಡೆ. ನೆಲದ ಮೇಲೆ ಒರಗಿದ್ದ ನನ್ನನ್ನು, ನನ್ನ ಒದ್ದೆ ಕೈಯನ್ನು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

“ಮಿಂದಾ!” ಎಂದಳು ದೋರಾ. “ಸ್ಕೂಲಿಲ್ವಾ?”

“ಹೋದ ಗುರುವಾರ ಕ್ಯಾಂಟೀನ್ ಅಡುಗೆಯವಳ ರೇಡಿಯೋದಲ್ಲಿ ಕೇಳ್ದೆ. ಆ ಸದ್ದು ಬಂತು. ತಟ್ಟೆ ಕೈಯಿಂದ ಬಿದ್ದುಹೋಯ್ತು. ಎಲ್ಲ ಹುಡುಗೀರೂ ನಕ್ಕರು, ದೆವ್ವದ ಕತೆಗೆ ಹೆದರ್ಕೊಂಡ್ಲು ಅಂತ.” ಅವಳ ದನಿ ಏರಲಿಲ್ಲ. “ಅಮ್ಮಾ, ನಾನೆಲ್ಲಿ?”

“ಏನು?”

“ಕತೇಲಿ ಹೆಂಗಸು ಒಬ್ಬಳೇ ಇದಾಳೆ. ನಾನೆಲ್ಲಿ? ನಾನಿದ್ನಲ್ಲ ಅಲ್ಲಿ.”

“ನೀನು ಅಜ್ಜಿ ಮನೇಲಿ…”

“ನಿನ್ನ ಲಂಗ ಹಿಡ್ಕೊಂಡಿದ್ದೆ. ಹಳದಿ ಹೂವಿನ ಲಂಗ. ನೀನು ಬಾಗಿಲ ಹತ್ರ ಹೋದೆ. ಕೈ ಎತ್ತಿದೆ. ಅಜ್ಜಿ ಹೇಳಿದ್ದು ಬಂದಿದೆ, ತೆಗೀಬೇಡ, ತೆಗೀಬೇಡ ಅಂತ ಕಿರುಚಿದ್ದು ನಾನು. ನೀನು ಕೈ ಇಳಿಸ್ದೆ.”

ಪಾಸಿಂಗ್ ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಎದೆಗೊತ್ತಿಕೊಂಡಳು.

“ನಿನಗೆ ಆರು ವರ್ಷ” ಎಂದಳು ದೋರಾ.

“ಆರು ವರ್ಷಕ್ಕೆ ನೆನಪಿರಲ್ವಾ? ಮಾರನೇ ದಿನ ಅಪ್ಪನ್ನ ಹೊತ್ತುಕೊಂಡು ಬಂದ್ರು. ಯಾರು ಬಾಗಿಲು ತಟ್ಟಿದ್ದು ಅಂತ ನನಗೆ ಅವತ್ತೇ ಗೊತ್ತಾಯ್ತು. ನೀನು ಆ ಮಾತು ಎತ್ತಲೇ ಇಲ್ಲ. ಒಂದು ದಿನಾನೂ ಎತ್ತಲಿಲ್ಲ. ನನ್ನ ಮೇಲೆ ಕೋಪ ಅಂತ ಗೊತ್ತಿತ್ತು ನನಗೆ. ಇರ್ಲಿ ಅಂತ ಸುಮ್ನಿದ್ದೆ. ಆದ್ರೆ ಕತೆಯಿಂದಾನೂ ತೆಗೆದುಹಾಕೋಷ್ಟು ಕೋಪ ಅಂತ ಗೊತ್ತಿರ್ಲಿಲ್ಲ.”

ದೋರಾ ಎದ್ದು ಅವಳ ತೋಳು ಹಿಡಿಯಲು ಹೋದಳು. ಮಿಂದಾ ಹಿಂದೆ ಸರಿದು, ಬಂದ ಹಾಗೇ ಹೊರಟುಹೋದಳು.

ದೋರಾ ಅಲ್ಲೇ ನಿಂತಿದ್ದಳು. ನನ್ನ ಕಡೆ ತಿರುಗಿ, “ನಿನಗೂ ಸುಳ್ಳು ಹೇಳ್ದೆ, ಸಾಂತೋ” ಎಂದಳು. “ಬಾಗಿಲು ಏನೂ ಅಲ್ಲ. ಇವಳಿಗೆ ನೆನಪಿದ್ರೆ ಏನ್ಮಾಡೋದು ಅನ್ನೋದೊಂದೇ ನನ್ನ ಭಯ. ಮರೆತಿದಾಳೆ ಅಂದ್ಕೊಂಡು ಹನ್ನೊಂದು ವರ್ಷ ತುಟಿ ಹೊಲ್ಕೊಂಡು ಕೂತಿದ್ದೆ. ಅವಳೂ ಕೂತಿದ್ಲು, ಅದೇ ಮನೇಲಿ, ಎದುರಿಗೇ.”

ಆ ಗುರುವಾರ ಐದನೆಯ ಭಾಗವನ್ನು ಅವಳಿಲ್ಲದೆಯೇ ಆಡಿದೆವು. ಹಲಗೆ ತಟ್ಟುವಾಗ ನನಗೆ ಕೈ ಬರಲಿಲ್ಲ. ಕ್ಯಾಂಟೀನಿನಲ್ಲಿ ಆ ಹುಡುಗಿಯ ತಟ್ಟೆ ಬೀಳಿಸಿದ್ದು ನನ್ನ ಅಂಗೈ. ಅದನ್ನು ಎಷ್ಟು ಚೆನ್ನಾಗಿ ಮಾಡಿದೆ ಎಂದು ನಾನು ಒಳಗೊಳಗೇ ಬೀಗಿದ್ದೆ ಕೂಡ.

ಸೋಮವಾರ ದೋರಾ ಆರನೆಯ ಭಾಗ ತಂದಳು. ಸೆವೆರೋ ನಿಂತೇ ಓದತೊಡಗಿದ. ಎರಡು ಪುಟ ಆದ ಮೇಲೆ, “ಇದರಲ್ಲಿ ದೆವ್ವ ಎಲ್ಲಿದೆ?” ಎಂದ.

“ಇಲ್ಲ.”

“ಜನ ಕೇಳ್ತಾರೆ, ದೋರಾ.”

“ಪೂರ್ತಿ ಓದಿ.”

ಓದಿದ. ಓದಿ ಮುಗಿಸಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದ. “ಹಾಕೋಣ” ಎಂದ. ಅವನ ಬಾಯಿಂದ ಒಂದೂ ಕುಹಕ ಬರಲಿಲ್ಲ.

ಅದರಲ್ಲಿ ಮಗು ಇತ್ತು. ತಾಯಿ ಇದ್ದಳು. ಐದು ವಾರವೂ ಬಾಗಿಲ ಒಳಗಿನ ಹೆಂಗಸಾಗಿದ್ದವಳು ಪಾಸಿಂಗ್, ಮಗುವಿನ ದನಿಯೂ ಅವಳದೇ, ಆದರೆ ಎರಡೂ ಪಾತ್ರ ಒಟ್ಟಿಗೆ ಒಬ್ಬಳೇ ಮಾಡುವ ಹಾಗಿರಲಿಲ್ಲ. ಅವಳು ಹಸ್ತಪ್ರತಿ ಓದಿ ನೋಡಿ ದೋರಾಳ ಮಡಿಲಿಗೆ ವಾಪಸು ಇಟ್ಟಳು.

“ಇಂದಾಯ್” ಎಂದಳು. ನಮ್ಮ ಕಡೆ ಮಗಳ ಸಮಾನರಾದವರನ್ನು ಕರೆಯುವುದು ಹಾಗೆ. “ನಲವತ್ತು ವರ್ಷದಿಂದ ಈ ಮೈಕಿನ ಮುಂದೆ ಸುಳ್ಳು ಅಳು ಅಳ್ತಾ ಬಂದಿದೀನಿ. ಇದನ್ನ ಸುಳ್ಳು ಅಳೋಕೆ ನನ್ನ ಕೈಲಾಗಲ್ಲ. ಮಗೂ ಮಾತು ನಾನಾಡ್ತೀನಿ. ತಾಯಿ ಮಾತು ನೀನೇ ಆಡು.”

“ನನಗೆ ಬರಲ್ಲ, ನಾಂಗ್.”

“ಬರದೇ ಇದ್ರೆ ಬರದೇ ಇರೋ ಹಾಗೇ ಆಡು.”

ಬುಧವಾರ ಪಾಸಿಂಗ್ ತನ್ನ ಸಣ್ಣ ಟ್ರಾನ್ಸಿಸ್ಟರನ್ನು ದೋರಾಳ ಚೀಲಕ್ಕೆ ತುರುಕಿ ಕಳಿಸಿದಳು. ದೋರಾ ಅದನ್ನು ಮನೆಯಲ್ಲಿ ಊಟದ ಮೇಜಿನ ಮೇಲಿಟ್ಟು, “ನಾಳೆ ಒಂದು ಗಂಟೆಗೆ ನಾನು ಮಾತಾಡ್ತೀನಿ. ಇಷ್ಟ ಇದ್ರೆ ಹಾಕು” ಎಂದಳಂತೆ. ಸ್ಟುಡಿಯೋಗೆ ಬಂದುಹೋದ ದಿನದಿಂದಲೂ ಮಿಂದಾ ತಾಯಿಯ ಜೊತೆ ಮಾತು ಬಿಟ್ಟಿದ್ದಳು.

ಗುರುವಾರ ಬಂತು. ಕೆಂಪು ದೀಪ ಹತ್ತಿತು. ನಾನು ತಗಡು ಅಲ್ಲಾಡಿಸಿದೆ, ಗಾಳಿಗೆಂದು ಬಟ್ಟೆಯ ಉರುಳೆ ತಿರುಗಿಸಿದೆ, ಮಳೆ ಸುರಿಸಿ ನಿಲ್ಲಿಸಿದೆ. ಆಮೇಲೆ ಒರಗಿ ಎರಡು ಸಲ ತಟ್ಟಿ ಅಂಗೈ ಜಾರಿಸಿದೆ. ಪಾಸಿಂಗ್ ಕಣ್ಣು ಮುಚ್ಚಿ, ಆ ಸಣ್ಣ ದನಿಯಲ್ಲಿ, “ಅಮ್ಮಾ, ತೆಗೀಬೇಡ! ಅಜ್ಜಿ ಹೇಳಿದ್ದು ಬಂದಿದೆ!” ಎಂದಳು.

ಈಗ ದೋರಾ ಮಾತಾಡಬೇಕು. ಕಾಗದ ಅವಳ ಕೈಯಲ್ಲೇ ಇತ್ತು. ತುಟಿ ತೆರೆದಳು. ದನಿ ಹೊರಡಲಿಲ್ಲ.

ರೇಡಿಯೋದಲ್ಲಿ ಮೂರು ಸೆಕೆಂಡಿನ ಮೌನವೇ ಬಹಳ. ಐದಾದರೆ ಕೇಳುವವರು ಎದ್ದು ಬಂದು ಪೆಟ್ಟಿಗೆಗೆ ಬಡಿಯುತ್ತಾರೆ. ಗಾಜಿನ ಆಚೆ ಸೆವೆರೋ ಎರಡೂ ಕೈ ಎತ್ತಿದ್ದ. ಹಾಡು ಹಾಕಬೇಕೇ ಬೇಡವೇ ಎಂದು ತಂತ್ರಜ್ಞ ಅವನ ಮುಖ ನೋಡುತ್ತಿದ್ದ. ನಾನು ಮೊರ ಎತ್ತಿಕೊಂಡೆ. ಕಾಗದದಲ್ಲಿ ಅಲ್ಲಿ ಮಳೆ ಇರಲಿಲ್ಲ. ನಾನೇ ಸುರಿಸಿದೆ. ಮೆಲ್ಲಗೆ ಶುರುಮಾಡಿ, ಜೋರು ಮಾಡಿ, ಮತ್ತೆ ಇಳಿಸಿ, ಸೂರಿನಿಂದ ಹನಿಯುವ ಹಾಗೆ ಒಂದೊಂದೇ ಕಾಳು ಉದುರಿಸಿ, ಮತ್ತೆ ಜೋರು ಮಾಡಿದೆ. ದೋರಾಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ.

ಅವಳು ಕಾಗದವನ್ನು ಮಡಚಿದಳು.

“ಮಿಂದಾ” ಎಂದಳು. ಕತೆಯ ಮಗುವಿಗೆ ಬೇರೆ ಹೆಸರಿತ್ತು. “ಅಗುಳಿ ಎಲ್ಲಿತ್ತು ನೆನಪಿದೆಯಾ? ನೀನು ಸಮುದ್ರದ ಕಡೆ ಓಡಬಾರ್ದು ಅಂತ ನಿಮ್ಮಪ್ಪ ಅದನ್ನ ಬಾಗಿಲ ಮೇಲ್ತುದೀಲಿ ಹಾಕಿದ್ರು. ನಿನ್ನ ಕೈಗೆ ಎಟುಕ್ತಿರ್ಲಿಲ್ಲ. ನನಗೆ ಎಟುಕ್ತಿತ್ತು. ಆ ದನಿ ಯಾರದು ಅಂತ ನನಗೆ ಗೊತ್ತಾಯ್ತು. ಎಂಟು ವರ್ಷ ಅವರ ಜೊತೆ ಬಾಳಿದೋಳು ನಾನು, ನನಗೆ ಗೊತ್ತಾಗಲ್ವಾ? ಗೊತ್ತಿದ್ದೂ ಹೆದರಿದೆ. ನೀನು ಕಿರುಚದೇ ಇದ್ದಿದ್ರೂ ನಾನು ತೆಗೀತಿರ್ಲಿಲ್ಲ. ನಿನ್ನ ಮೇಲೆ ನನಗೆ ಯಾವತ್ತೂ ಕೋಪ ಇರ್ಲಿಲ್ಲ. ನಿನ್ನನ್ನ ಕತೆಯಿಂದ ತೆಗೆದದ್ದು, ಯಾರೂ ನಿನ್ನ ಕಡೆ ಬೆರಳು ತೋರಿಸ್ಬಾರ್ದು ಅಂತ. ನೀನೂ ತೋರಿಸ್ಕೋಬಾರ್ದು ಅಂತ.”

ಅಷ್ಟು ಹೇಳಿ ಮೈಕಿನಿಂದ ಹಿಂದೆ ಸರಿದಳು. ನಾಟಕದಲ್ಲಿ ಇನ್ನೂ ಆರು ಪುಟವಿತ್ತು. ಸೆವೆರೋ ಸನ್ನೆ ಮಾಡಿದ. ತಂತ್ರಜ್ಞ ಹಾಡು ಹಾಕಿದ.

ಆ ವಾರ ಬಂದ ಕಾಗದಗಳಲ್ಲಿ ಅರ್ಧ ಬೈಗುಳ. ಇದೇನು ಕತೆ, ದೆವ್ವ ಬರಲೇ ಇಲ್ಲ, ಮಿಂದಾ ಯಾರು ಎಂದು. ಉಳಿದ ಅರ್ಧವನ್ನು ಸೆವೆರೋ ಯಾರಿಗೂ ತೋರಿಸದೆ ದೋರಾಳಿಗೇ ಕೊಟ್ಟ. ಅವಳು ಆಮೇಲೂ ಏಳು ವರ್ಷ ನಮಗೆ ಬರೆದಳು. ಭಯದ ನಾಟಕಗಳನ್ನೇ ಬರೆದಳು, ಒಳ್ಳೆಯವನ್ನೇ ಬರೆದಳು. ಬಾಗಿಲು ತಟ್ಟುವುದನ್ನು ಮಾತ್ರ ಮತ್ತೆ ಬರೆಯಲಿಲ್ಲ. ಕೇಳು ಎಂದು ಸೆವೆರೋ ನನ್ನನ್ನು ಎರಡು ಸಲ ಛೂಬಿಟ್ಟ. ನಾನು ಕೇಳಲಿಲ್ಲ.

ಅವತ್ತು ನಾಟಕ ನಿಂತ ಮೇಲೆ ದೋರಾ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮನೆಗೆ ಹೋಗಲು ಕಾಲೇಳುತ್ತಿಲ್ಲ ಎಂದಳು. ಬನ್ನಿ ನಾಂಗ್, ನಾನೂ ಬರುತ್ತೇನೆ ಎಂದು ಜೀಪ್ನಿ ಹತ್ತಿಸಿದೆ.

ಮನೆ ಮುಂದೆ ಇಳಿದಾಗಲೇ ಮೀನು ಸೀದ ವಾಸನೆ ಬರುತ್ತಿತ್ತು. ಮಿಂದಾ ಒಲೆಯ ಮುಂದೆ ನಿಂತಿದ್ದಳು, ಶಾಲೆಗೆ ಹೋಗಿರಲಿಲ್ಲ. ಮೇಜಿನ ಮೇಲೆ ಟ್ರಾನ್ಸಿಸ್ಟರ್ ಆರಿತ್ತು. ಅವಳ ಕಣ್ಣು ಊದಿಕೊಂಡಿತ್ತು.

“ಮೀನು ಹೊತ್ತಿಹೋಯ್ತು” ಎಂದಳು. “ಒಂದು ಪಕ್ಕ ತಿನ್ನಬಹುದು. ನೀವೂ ಕೂತ್ಕೊಳ್ಳಿ, ಅಣ್ಣ.”

ಬೇಡವೆನ್ನಲು ಧೈರ್ಯ ಬರಲಿಲ್ಲ. ಮೂವರೂ ಕೂತೆವು. ಅನ್ನ ಬಡಿಸಿದಳು. ಮೀನಿನ ಸೀಯದ ಪಕ್ಕವನ್ನು ಬಿಡಿಸಿ ತಾಯಿಯ ತಟ್ಟೆಗೆ ಹಾಕಿದಳು.

“ನಾನು ಕಿರುಚದೇ ಇದ್ದಿದ್ರೂ ತೆಗೀತಿರ್ಲಿಲ್ಲ ಅಂದೆಯಲ್ಲ” ಎಂದಳು ಮಿಂದಾ, ತಟ್ಟೆ ನೋಡುತ್ತಾ. “ಅದು ಸುಳ್ಳು. ನೀನು ಕೈ ಎತ್ತಿದ್ದೆ. ನಾನು ನೋಡಿದೀನಿ.”

“ಎತ್ತಿದ್ದೆ” ಎಂದಳು ದೋರಾ.

“ಮತ್ತೆ?”

“ಇಳಿಸಿದ್ದೂ ನಾನೇ, ಮಿಂದಾ. ನಿನ್ನ ಮಾತು ಕೇಳಿ ಇಳಿಸಿದ್ನೋ, ನನ್ನ ಹೆದರಿಕೆಗೆ ಇಳಿಸಿದ್ನೋ, ಹನ್ನೊಂದು ವರ್ಷ ಯೋಚಿಸಿದೀನಿ. ನನಗೆ ಗೊತ್ತಿಲ್ಲ.”

ಮಿಂದಾ ತಲೆಯಾಡಿಸಿದಳು. ಒಪ್ಪಿದ್ದಕ್ಕೋ, ಬರೀ ಕೇಳಿಸಿಕೊಂಡದ್ದಕ್ಕೋ ಹೇಳಲಾರೆ. ಆಮೇಲೆ ಕೇಳಿದಳು.

“ಅಪ್ಪ ನನ್ನ ಹೆಸರು ಕರೆದ್ರಾ?”

ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ಹೌದು ಎಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟೊಂದು ಕತೆ ಕಟ್ಟಿದವಳಿಗೆ ಒಂದು ಶಬ್ದ ಕಟ್ಟುವುದೇನು ಕಷ್ಟ? ಎರಡಕ್ಷರದ ಹೆಸರು.

ದೋರಾ ಮಗಳ ಮುಖವನ್ನೇ ನೋಡಿದಳು. “ಇಲ್ಲ” ಎಂದಳು. “ನನ್ನ ಹೆಸರು ಮಾತ್ರ. ಅಷ್ಟಕ್ಕೇ ಉಸಿರಿದ್ದದ್ದು ಅವರಿಗೆ.”

ಮಿಂದಾ ಅತ್ತಳು. ಶಬ್ದವಿಲ್ಲದೆ, ಅನ್ನದ ಮೇಲೇ ಕಣ್ಣೀರು ಬೀಳುವ ಹಾಗೆ ಅತ್ತಳು. ದೋರಾ ಎದ್ದು ಹೋಗಿ ಅವಳ ಕುರ್ಚಿಯ ಹಿಂದೆ ನಿಂತಳು. ಮುಟ್ಟಲು ಹೆದರಿದಳು. ಮಿಂದಾಳೇ ಹಿಂದಕ್ಕೆ ತಲೆ ಒರಗಿಸಿದಳು.

“ಅಪ್ಪನ ದನಿ ಹೇಗಿತ್ತು?” ಎಂದಳು. “ನನಗೆ ಆ ಸದ್ದು ಮಾತ್ರ ನೆನಪಿದೆ. ದನಿ ಎಷ್ಟು ನೆನೆಸಿಕೊಂಡ್ರೂ ಬರಲ್ಲ.”

“ಒಡಕು ದನಿ. ಎಂಜಿನ್ ಸದ್ದಿಗೆ ಅಭ್ಯಾಸ ಆಗಿ ಮನೇಲೂ ಕಿರುಚಿ ಮಾತಾಡೋರು. ಹಾಡು ಅಂದ್ರೆ ಪ್ರಾಣ, ಒಂದು ಸ್ವರಾನೂ ಜಾಗಕ್ಕೆ ಬೀಳ್ತಿರ್ಲಿಲ್ಲ. ನಿನ್ನ ಮಲಗಿಸೋಕೆ ಅಂತ ಹಾಡಿ ಎಬ್ಬಿಸಿಬಿಡೋರು. ನೀನು ಎದ್ದು ಕೂತು, ಇಷ್ಟೇ ಇಷ್ಟು ಕೈಯಲ್ಲಿ ಅವರ ಬಾಯಿ ಮುಚ್ತಿದ್ದೆ…”

“ನಾನಾ?”

“ನೀನೇ. ಇನ್ನೊಂದು ದಿನ ಏನಾಯ್ತು ಗೊತ್ತಾ…”

ಬಿಸಿಲು ಇಳಿಯುತ್ತಿತ್ತು. ನಾನು ನನ್ನ ತಟ್ಟೆ ತೊಳೆದಿಟ್ಟು, ಬರುತ್ತೇನೆ ಎಂದೆ. ಇಬ್ಬರಿಗೂ ಕೇಳಿಸಲಿಲ್ಲ.